ಗಳಿಸುತ್ತ ಕಲಿತವರು: ಸಾತಾರೆಯ ಒಂದು ಶೈಕ್ಷಣಿಕ ಪ್ರಯೋಗ

ಹಿಂದಿನ ಕಾಲದಲ್ಲಿ ಊರುಬಿಟ್ಟು ಓದಬಯಸಿದ ಬಡ ಹುಡುಗನಿಗೆ ತೆರೆದಿದ್ದ ದಾರಿಗಳು ಕೆಲವೇ. ಮೈಸೂರು ಸೀಮೆಯಲ್ಲಿ ಅದು ವಾರಾನ್ನ. ಮಹಾರಾಷ್ಟ್ರದಲ್ಲಿಯೂ ಅದೇ ಪದ್ಧತಿ ‘ವಾರ’ವೆಂಬ ಹೆಸರಿನಿಂದ ನಡೆದಿತ್ತು. ಉತ್ತರ ಕರ್ನಾಟಕದಲ್ಲಿ ಮಠಗಳ ಪ್ರಸಾದನಿಲಯಗಳು ಸಹಸ್ರಾರು ಮಕ್ಕಳನ್ನು ಸಲಹಿದವು. ಮುಂಬಯಿಗೆ ಬಂದ ತುಳುನಾಡಿನ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಮೊದಲೆರಡರಲ್ಲಿ ವಿದ್ಯಾರ್ಥಿಯು ಅನ್ಯರ ಔದಾರ್ಯಕ್ಕೆ ಋಣಿ. ಮೂರನೆಯದರಲ್ಲಿ ಅವನ ದುಡಿಮೆ ಯಜಮಾನನಿಗೆ, ಉಳಿದ ಬಳಲಿದ ಗಳಿಗೆ ಮಾತ್ರ ವಿದ್ಯೆಗೆ. ಈ ಎರಡು ಬಗೆಗಳನ್ನೂ ಬಿಟ್ಟು ಬೇರೊಂದು ಮಾರ್ಗವನ್ನು ಹಾಕಿಕೊಟ್ಟವರು ಸಾತಾರೆಯ ಕರ್ಮವೀರ ಭಾವುರಾವ್ ಪಾಟೀಲರು.

ಭಾವುರಾಯರು 1887ರ ಸೆಪ್ಟೆಂಬರ್ 22ರಂದು ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಒಂದು ಜೈನ ಮನೆತನದಲ್ಲಿ ಜನಿಸಿದರು. ಈ ಮನೆತನದ ಮೂಲ ದಕ್ಷಿಣ ಕನ್ನಡದ ಮೂಡಬಿದಿರೆಯೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಕೊಲ್ಹಾಪುರದಲ್ಲಿ ಓದುತ್ತಿದ್ದಾಗ ಶಾಹು ಮಹಾರಾಜರ ಕಾರ್ಯವನ್ನು ಅವರು ಹತ್ತಿರದಿಂದ ಕಂಡರು. ತರುವಾಯ ಕಿರ್ಲೋಸ್ಕರ ಸಂಸ್ಥೆಯ ಕಬ್ಬಿಣದ ನೇಗಿಲುಗಳನ್ನು ಮಾರುತ್ತ ಹಳ್ಳಿಹಳ್ಳಿಗಳನ್ನು ತಿರುಗಿದರು. ಆ ಉದ್ಯಮವನ್ನು ಸ್ಥಾಪಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದು ಇಲ್ಲಿ ಸ್ಮರಣೀಯ. ನೇಗಿಲು ಕೊಳ್ಳುವ ರೈತನಿಗೆ ರಸೀತಿಯನ್ನು ಓದಲು ಬಾರದು. ಸಾಲಪತ್ರದಲ್ಲಿ ಬರೆದುದೇನೆಂಬುದು ತಿಳಿಯದು. ಈ ತಿರುಗಾಟವೇ ಭಾವುರಾಯರ ನಿಜವಾದ ಪಾಠಶಾಲೆಯಾಯಿತು.

ರೈತನ ಮಗನ ಓದಿಗೆ ಶಾಲೆಯ ಶುಲ್ಕಕ್ಕಿಂತ ಅನ್ನ ಮತ್ತು ವಸತಿಗಳೇ ದೊಡ್ಡ ಅಡ್ಡಿಯಾಗಿದ್ದವು. ವಾರದ ಊಟ ಅವನ ಜಾತಿಗೆ ದಕ್ಕುವಂತಹದಲ್ಲ. ಅಸ್ಪೃಶ್ಯ ಬಾಲಕನಿಗಂತೂ ಪೇಟೆಯಲ್ಲಿ ನೆರಳೇ ದುರ್ಲಭ. ಇದನ್ನು ಅರಿತೇ ಶಾಹು ಮಹಾರಾಜರು 1901ರಿಂದ ಕೊಲ್ಹಾಪುರದಲ್ಲಿ ಬೇರೆ ಬೇರೆ ಸಮಾಜಗಳ ವಸತಿಗೃಹಗಳಿಗೆ ಆಶ್ರಯವಿತ್ತರು. ಭಾವುರಾಯರು ಇನ್ನೊಂದು ಹೆಜ್ಜೆ ಮುಂದಿಟ್ಟು, ಎಲ್ಲ ಸಮಾಜಗಳ ಮಕ್ಕಳನ್ನೂ ಒಂದೇ ಸೂರಿನ ಕೆಳಗೆ, ಒಂದೇ ಪಂಕ್ತಿಯಲ್ಲಿ ಕೂರಿಸಿದರು. 1919ರಲ್ಲಿ ಕರಾಡದ ಹತ್ತಿರದ ಕಾಲೆ ಎಂಬ ಊರಿನಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು. 1924ರಲ್ಲಿ ಅದರ ಕೇಂದ್ರ ಸಾತಾರೆಗೆ ಬಂದಿತು. ಅಲ್ಲಿಯ ವಸತಿಗೃಹಕ್ಕೆ 1927ರಲ್ಲಿ ಮಹಾತ್ಮಾ ಗಾಂಧಿಯವರ ಹಸ್ತದಿಂದ ಶಾಹು ಮಹಾರಾಜರ ಹೆಸರನ್ನಿಡಲಾಯಿತು. ಮಕ್ಕಳ ಅನ್ನಕ್ಕೆ ದವಸವಿಲ್ಲದ ದಿನ ಪತ್ನಿ ಲಕ್ಷ್ಮೀಬಾಯಿಯವರು ಕೊರಳ ಮಂಗಲಸೂತ್ರವನ್ನೂ ಕೊಟ್ಟರೆಂಬುದು ಆ ಪ್ರಾಂತದಲ್ಲಿ ಮನೆಮಾತಾಗಿದೆ.

1940ರಲ್ಲಿ ಸಾತಾರೆಯಲ್ಲಿ ಮಹಾರಾಜಾ ಸಯಾಜಿರಾವ್ ಹೈಸ್ಕೂಲು ಆರಂಭವಾಯಿತು. ಉಚಿತವೂ ವಸತಿಸಹಿತವೂ ಆಗಿ, ‘ಗಳಿಸುತ್ತ ಕಲಿ’ ಎಂಬ ತತ್ತ್ವದ ಮೇಲೆ ನಡೆದ ಪ್ರೌಢಶಾಲೆಗಳಲ್ಲಿ ದೇಶದಲ್ಲಿಯೇ ಇದು ಮೊದಲನೆಯದೆಂದು ಗಣಿಸಲ್ಪಟ್ಟಿದೆ. ಹುಡುಗರು ಹೊಲ ಮಾಡಿದರು, ಕಾಯಿಪಲ್ಯ ಬೆಳೆದರು, ಮಣ್ಣು ಹೊತ್ತರು, ಕಟ್ಟಡದ ಕೆಲಸಕ್ಕೆ ಕೈಹಚ್ಚಿದರು, ಸರತಿಯಂತೆ ಅಡಿಗೆ ಮಾಡಿದರು. ಬೆಳೆದ ಬೆಳೆ ಅವರದೇ ಪಂಕ್ತಿಗೆ ಬಂದಿತು. ಮುಂಬಯಿಯ ರಾತ್ರಿಶಾಲೆಯ ಹುಡುಗನಿಗೂ ಇವರಿಗೂ ಇರುವ ಅಂತರ ಇಲ್ಲಿಯೇ ಇದೆ. ಇಬ್ಬರೂ ದುಡಿದವರೇ, ಆದರೆ ಇವರ ದುಡಿಮೆಯ ಹೊತ್ತನ್ನು ಗೊತ್ತುಪಡಿಸಿದ್ದು ಅಂಗಡಿಯ ಗಿರಾಕಿಯಲ್ಲ, ಶಾಲೆಯ ವೇಳಾಪತ್ರಿಕೆ.

ಈ ಪ್ರಯೋಗದ ಮೇಲೆ ಒಂದು ಆಕ್ಷೇಪಣೆ ಸಹಜವಾಗಿಯೇ ಏಳುತ್ತದೆ. ಉಳ್ಳವರ ಮಗನು ನಿಶ್ಚಿಂತೆಯಾಗಿ ಓದುತ್ತಿರುವಾಗ ಇಲ್ಲದವರ ಮಗನೇ ಏಕೆ ಗುದ್ದಲಿ ಹಿಡಿಯಬೇಕು? ಅಮೆರಿಕೆಯಲ್ಲಿ ಇದೇ ಪ್ರಶ್ನೆ ಹಿಂದೆಯೇ ಎದ್ದಿತ್ತು. ಅಲಬಾಮಾದ ಟಸ್ಕೀಗಿಯಲ್ಲಿ 1881ರಿಂದ ಬೂಕರ್ ವಾಷಿಂಗ್ಟನ್ನರು ಕಪ್ಪುಜನಾಂಗದ ತರುಣರಿಗೆ ಕೈಕಸುಬುಗಳನ್ನು ಕಲಿಸಿದರು. ಅಲ್ಲಿಯ ವಿದ್ಯಾರ್ಥಿಗಳು ತಾವೇ ಇಟ್ಟಿಗೆ ಸುಟ್ಟು ತಮ್ಮ ಕಟ್ಟಡಗಳನ್ನು ಕಟ್ಟಿದರು. ಆದರೆ 1903ರಲ್ಲಿ ಡು ಬಾಯ್ಸ್ ಎಂಬ ವಿದ್ವಾಂಸರು ಈ ಮಾರ್ಗವನ್ನು ಖಂಡಿಸಿದರು. ಕಸುಬಿಗೇ ಒತ್ತುಕೊಟ್ಟು ಉಚ್ಚಶಿಕ್ಷಣವನ್ನು ಹಿಂದೆ ಸರಿಸಿದರೆ ಆ ಜನಾಂಗ ಕೆಳಗಿನ ಮೆಟ್ಟಲಲ್ಲಿಯೇ ಉಳಿಯುವುದೆಂಬುದು ಅವರ ವಾದ.

ಭಾವುರಾಯರನ್ನು ಮಹಾರಾಷ್ಟ್ರದ ಬೂಕರ್ ವಾಷಿಂಗ್ಟನ್ ಎಂದು ಕರೆಯುವ ವಾಡಿಕೆಯುಂಟು. ಹೋಲಿಕೆ ಅರ್ಧ ಮಾತ್ರ ನಿಜ. 1937ರಲ್ಲಿ ವಾರ್ಧಾದಲ್ಲಿ ರೂಪುಗೊಂಡ ಗಾಂಧೀಜಿಯವರ ಮೂಲಶಿಕ್ಷಣದಲ್ಲಿ ಕಸುಬೇ ಕಲಿಕೆಯ ಮಾಧ್ಯಮ. ಸಾತಾರೆಯಲ್ಲಾದರೋ ಹೊಲದ ಕೆಲಸ ಬೇರೆ, ತರಗತಿ ಬೇರೆ. ಗುದ್ದಲಿ ಹಿಡಿದ ಹುಡುಗನ ಮುಂದಿದ್ದುದು ಎಲ್ಲರಿಗೂ ಇದ್ದ ಅದೇ ಮೆಟ್ರಿಕ್ ಪರೀಕ್ಷೆ. ಅವನಿಗಾಗಿ ಕೆಳದರ್ಜೆಯ ಪಾಠವನ್ನು ಯಾರೂ ಸಿದ್ಧಪಡಿಸಲಿಲ್ಲ. 1947ರಲ್ಲಿ ಸಂಸ್ಥೆಯು ಸಾತಾರೆಯಲ್ಲಿ ಛತ್ರಪತಿ ಶಿವಾಜಿ ಕಾಲೇಜನ್ನೂ ತೆರೆಯಿತು. ಶ್ರಮವು ಇಲ್ಲಿ ಏರುವ ಏಣಿಯಾಗಿತ್ತೇ ಹೊರತು, ಹುಡುಗನನ್ನು ಕಟ್ಟಿಹಾಕುವ ಗೂಟವಾಗಿರಲಿಲ್ಲ. ಡು ಬಾಯ್ಸರ ಆಕ್ಷೇಪಣೆಗೆ ಸಾತಾರೆ ಮಾತಿನಿಂದಲ್ಲ, ಕಾಲೇಜು ಕಟ್ಟಿ ಉತ್ತರವಿತ್ತಂತಾಯಿತು.

ಹಾಗೆಂದು ಈ ಪ್ರಯೋಗಕ್ಕೆ ಇಲ್ಲದ ಯಶಸ್ಸನ್ನು ಆರೋಪಿಸಬೇಕಾಗಿಲ್ಲ. ಬೆಳೆಯುವ ಹುಡುಗರ ಎಳೆಯ ದುಡಿಮೆಯಿಂದ ಒಂದು ಸಂಸ್ಥೆಯ ಜಮಾಖರ್ಚು ಪೂರ್ತಿಯಾಗಿ ಸರಿದೂಗದು; ದಾನ, ದವಸ, ಅನುದಾನಗಳು ಅದಕ್ಕೆ ಬೇಕೇ ಬೇಕು. ದುಡಿಮೆಯ ಬೆಲೆ ಹಣದಲ್ಲಿ ಅಲ್ಪವಾಗಿದ್ದರೂ ಅದು ಉಣ್ಣುವ ತುತ್ತಿನ ಸ್ವರೂಪವನ್ನು ಬದಲಿಸಿತು. ಉಂಡ ಅನ್ನದಲ್ಲಿ ತನ್ನ ಬೆವರಿನ ಪಾಲಿದೆಯೆಂದು ಬಲ್ಲ ಹುಡುಗ ದಾತನ ಮುಂದೆ ತಲೆ ತಗ್ಗಿಸಬೇಕಾಗಿರಲಿಲ್ಲ.

ಭಾವುರಾಯರು 1959ರಲ್ಲಿ ಪದ್ಮಭೂಷಣರಾಗಿ, ಅದೇ ವರ್ಷ ಮೇ 9ರಂದು ತೀರಿಕೊಂಡರು. ಪುಣೆಯ ವಿಶ್ವವಿದ್ಯಾಲಯವು ತನ್ನ ‘ಗಳಿಸುತ್ತ ಕಲಿ’ ಯೋಜನೆಗೆ ಅವರ ಹೆಸರನ್ನೇ ಇಟ್ಟಿದೆ. ಪರನಾಡಿನ ಕನ್ನಡ ಸಂಘಗಳು ವರ್ಷವರ್ಷವೂ ಬಡ ವಿದ್ಯಾರ್ಥಿಗಳಿಗೆ ಪುಸ್ತಕ ಹಂಚುತ್ತವೆ, ವೇತನ ಕೊಡುತ್ತವೆ. ಪಡೆಯುವವನು ವೇದಿಕೆಗೆ ಬಂದು ಕೈಮುಗಿದು ಇಳಿಯುತ್ತಾನೆ. ಆ ಸಂಘದ ವಾಚನಾಲಯದಲ್ಲಿಯೋ ಕಚೇರಿಯಲ್ಲಿಯೋ ರಜೆಯ ದಿನಗಳಲ್ಲಿ ಅವನಿಗೊಂದು ಗೌರವದ ಕೆಲಸವನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಕೊಟ್ಟರೆ, ಅದೇ ಹಣ ಬೇರೊಂದು ಹಣವಾಗುತ್ತದೆ. ಸಾತಾರೆಯ ಇತಿಹಾಸದಿಂದ ಕಲಿಯಬಹುದಾದುದು ಇಷ್ಟು.