ಎರೆಮಣ್ಣಿನಲ್ಲಿ ಸಂಕೇತದ ಹರವು: ಚಡಚಣ ಸೀಮೆ ಮತ್ತು ಸ್ಟ್ರೆಪ್ಟೊಮೈಸಿಸ್

ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೈವಿಕ ದೊರಕಿತು. ಆ ಜೀವಿ ಅದನ್ನು ಯಾವಾಗ ತಯಾರಿಸುತ್ತದೆ ಎಂಬುದರ ಸುಳಿವು ಸಿಕ್ಕಿದ್ದು ಮಾತ್ರ 1967ರಲ್ಲಿ, ಮಾಸ್ಕೋದ ಖೋಖ್ಲೋವ್ ಮತ್ತು ಸಂಗಡಿಗರು ‘ಎ-ಫ್ಯಾಕ್ಟರ್’ ಅನ್ನು ಗುರುತಿಸಿದಾಗ. ಗ್ಯಾಮಾ-ಬ್ಯುಟಿರೊಲ್ಯಾಕ್ಟೋನ್ ಗುಂಪಿನ ಈ ಪುಟ್ಟ ಅಣು ಲೀಟರಿಗೆ ಕಾಲು ಮೈಕ್ರೊಗ್ರಾಂನಷ್ಟಿದ್ದರೂ ಕೆಲಸ ಮಾಡುತ್ತದೆ.

ಅದರ ಕೆಲಸದ ಬಗೆಯನ್ನು ಬಿಡಿಸಿಟ್ಟವರು ಟೋಕಿಯೊದ ಹೊರಿನೌಚಿ ಮತ್ತು ಬೆಪ್ಪು. ಆರ್ಪ್-ಎ ಎಂಬ ಗ್ರಾಹಕ ಪ್ರೋಟೀನು ಡಿಎನ್‌ಎ ಮೇಲೆ ಕೂತು ಆಡ್ಪ್-ಎ ವಂಶವಾಹಿಯನ್ನು ತಡೆದಿರುತ್ತದೆ. ಎ-ಫ್ಯಾಕ್ಟರ್ ಬಂದು ಅಂಟಿದೊಡನೆ ಅದು ಜಾಗ ಬಿಡುತ್ತದೆ. ಹುಟ್ಟಿದ ಆಡ್ಪ್-ಎ ಒಂದು ಕಡೆ ಸ್ಟ್ರೆಪ್ಟೊಮೈಸಿನ್ನಿನ ವಂಶವಾಹಿಗಳನ್ನು, ಇನ್ನೊಂದು ಕಡೆ ಗಾಳಿಗೆ ಎದ್ದು ಬೀಜಕ ಹೊರುವ ಎಳೆಗಳ ವಂಶವಾಹಿಗಳನ್ನು ಎಬ್ಬಿಸುತ್ತದೆ. ಸಂಕೇತ ತಯಾರಿಸಲಾರದ ತಳಿ ಬೋಳಾಗಿಯೇ ಉಳಿಯುತ್ತದೆ, ಔಷಧವನ್ನೂ ಕೊಡದು. ಹೊರಗಿನಿಂದ ಎ-ಫ್ಯಾಕ್ಟರ್ ಹಾಕಿದರೆ ಎರಡೂ ಮರಳುತ್ತವೆ. ಆಹಾರ ಮುಗಿದಾಗ ಹಳೆಯ ಎಳೆಗಳು ಕರಗಿ ಹೊಸ ಎಳೆಗಳಿಗೆ ಉಣಿಸಾಗುತ್ತವೆ. ಆ ಉಣಿಸಿಗೆ ನೆರೆಯವರು ಬಾಯಿ ಹಾಕದಂತೆ ಪ್ರತಿಜೈವಿಕ ಕಾವಲಿರುತ್ತದೆ ಎಂಬುದು ಬಹುಮಂದಿ ಒಪ್ಪುವ ವಿವರಣೆ.

ಇದೆಲ್ಲ ಫ್ಲಾಸ್ಕಿನ, ಅಗಾರ್ ತಟ್ಟೆಯ ಮಾತು. ಭೀಮಾ ತೀರದ ಚಡಚಣ, ಇಂಡಿ ಕಡೆಯ ಎರೆಹೊಲ ಬೇರೆಯದೇ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜೇಡಿಯಿದೆ, ಸುಣ್ಣದ ಹರಳುಗಳಿವೆ. ಪಿಎಚ್ ಸಾಮಾನ್ಯವಾಗಿ 8ರ ಮೇಲೆ. ಕ್ಷಾರದಲ್ಲಿ ಲ್ಯಾಕ್ಟೋನ್ ಉಂಗುರ ಬಿಚ್ಚಿಕೊಳ್ಳುವುದು ರಸಾಯನಶಾಸ್ತ್ರದ ಮೊದಲ ಪಾಠ. ಬಿಚ್ಚಿದ ಅಣುವನ್ನು ಆರ್ಪ್-ಎ ಗುರುತಿಸುವುದಿಲ್ಲವೆಂದು ಎಣಿಸಬಹುದು. ಇತ್ತ ಧನ ವಿದ್ಯುದಂಶವಿರುವ ಸ್ಟ್ರೆಪ್ಟೊಮೈಸಿನ್ನನ್ನು ಈ ಜೇಡಿಯ ಪದರಗಳು ಒಳಗೆಳೆದು ಹಿಡಿದುಕೊಳ್ಳುತ್ತವೆ. ಹಾಗಾಗಿ ನನ್ನ ತರ್ಕ ಇಷ್ಟು: ಎರೆಯಲ್ಲಿ ಸಂಕೇತವೂ ಔಷಧವೂ ದೂರ ಹೋಗಲಾರವು. ಅವುಗಳ ವ್ಯವಹಾರ ಒಂದು ಮಣ್ಣುಂಡೆಯ ಒಳಗೇ ಮುಗಿಯಬೇಕು. ಅಲ್ಪ ಪ್ರಮಾಣಕ್ಕೂ ಓಗೊಡುವ ಗ್ರಾಹಕ ಇಂಥ ಕಡೆಯೇ ಹೆಚ್ಚು ಉಪಯೋಗಕ್ಕೆ ಬಂದೀತು. (ಇದೇ ಬ್ಯಾಕ್ಟೀರಿಯಾಗಳು ಬಿಡುವ, ಮೊದಲ ಮಳೆಯ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಮಾತ್ರ ಗಾಳಿಗೇರಿ ದೂರ ಸಾಗುತ್ತದೆ. ಅದಕ್ಕೆ ಮರುಳಾಗಿ ಬಂದ ಪುಟ್ಟ ಮಣ್ಣುಜೀವಿಗಳಾದ ಸ್ಪ್ರಿಂಗ್‌ಟೇಲ್‌ಗಳು ಬೀಜಕ ಹೊತ್ತೊಯ್ಯುತ್ತವೆಂದು 2020ರಲ್ಲಿ ತೋರಿಸಲಾಯಿತು.)

ಇದೇ ಸ್ಟ್ರೆಪ್ಟೊಮೈಸಿನ್ ಈ ಸೀಮೆಯ ದಾಳಿಂಬೆ ತೋಟಕ್ಕೆ ಡಬ್ಬಿಯಲ್ಲಿ ಬಂದಿತ್ತು. ದುಂಡಾಣು ಅಂಗಮಾರಿಗೆಂದು ಲೀಟರಿಗೆ ಅರ್ಧ ಗ್ರಾಂ ಸ್ಟ್ರೆಪ್ಟೊಸೈಕ್ಲಿನ್ ಕಲಸಿ ಸಿಂಪಡಿಸುವುದು ರೂಢಿಯಾಗಿತ್ತು. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್. ಬ್ಯಾಕ್ಟೀರಿಯಾ ಹೊತ್ತು ನೋಡಿ, ಇಷ್ಟಿಷ್ಟೇ ಬಿಡುವ ವಸ್ತುವಿದು. ತನ್ನ ವಿಷಕ್ಕೆ ತಾನೇ ಬಲಿಯಾಗದಂತೆ ಅದು ಸ್ಟ್ರೆಪ್ಟೊಮೈಸಿನ್ನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವವನ್ನೂ ಜೊತೆಜೊತೆಗೇ ತಯಾರಿಸುತ್ತದೆ. ಅದೇ ಬಗೆಯ ಕಿಣ್ವ ಅಮೆರಿಕದ ಸೇಬಿನ ತೋಟಗಳ ರೋಗಾಣು ಎರ್ವಿನಿಯಾದಲ್ಲಿ ಕಾಣಿಸಿಕೊಂಡಿದ್ದು ಎಲೆ, ಹೂಗಳ ಮೇಲೆ ವರ್ಷಗಟ್ಟಲೆ ಸಿಂಪಡಿಸಿದ ಮೇಲೆ.

ಎರೆಯಲ್ಲಿ ಸಂಕೇತ ದೂರ ಹೋಗಲಾರದೆಂಬ ನನ್ನ ತರ್ಕವನ್ನು ಒರೆಗೆ ಹಚ್ಚುವುದು ಕಷ್ಟವಲ್ಲ. ಸಂಕೇತ ತಯಾರಿಸಲಾರದ ತಳಿಯನ್ನು ಎರಡು ತಟ್ಟೆಗಳಲ್ಲಿ ಹರಡಬೇಕು: ಒಂದರಲ್ಲಿ ಬರಿ ಅಗಾರ್, ಇನ್ನೊಂದರಲ್ಲಿ ಒತ್ತಡದ ಹಬೆಯಲ್ಲಿ ಶುದ್ಧಗೊಳಿಸಿದ ಚಡಚಣದ ಎರೆಮಣ್ಣು ಬೆರೆಸಿದ್ದು. ಎರಡರ ನಡುವಿಗೂ ಒಂದೇ ಅಳತೆಯ ಎ-ಫ್ಯಾಕ್ಟರ್ ತೊಟ್ಟು ಹಾಕಿ, ಬೀಜಕದ ಬೂದು ಉಂಗುರ ಎಷ್ಟು ಮಿಲಿಮೀಟರಿನವರೆಗೆ ಹಬ್ಬಿತೆಂದು ಅಳೆಯಬೇಕು. ಸುಣ್ಣ ತೆಗೆದ ಮಣ್ಣಿನ ಮೂರನೆಯ ತಟ್ಟೆಯನ್ನೂ ಇಟ್ಟರೆ ತಪ್ಪು ಕ್ಷಾರದ್ದೋ ಜೇಡಿಯದ್ದೋ ಎಂಬುದೂ ಬೇರ್ಪಡುತ್ತದೆ.