ಕಾಗೋಡು ಸತ್ಯಾಗ್ರಹ

ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದಲ್ಲಿ 1951ರ ಏಪ್ರಿಲ್ 18ರಂದು ಆರಂಭವಾದ ಗೇಣಿದಾರರ ಚಳವಳಿ. ‘ಉಳುವವನೇ ಹೊಲದೊಡೆಯ’ ಎಂಬ ಬೇಡಿಕೆಯೊಂದಿಗೆ ಇದರ ಹೆಸರು ಸೇರಿಕೊಂಡಿದೆ. ಜಗಳ ಹತ್ತಿಕೊಂಡದ್ದು ಮಾತ್ರ ಭತ್ತ ಅಳೆಯುವ ಕೊಳಗದಿಂದ.

ಇಲ್ಲಿನ ಗದ್ದೆಗಳು ಜಮೀನ್ದಾರರಾದ ಒಡೆಯರ ಹೆಸರಿನಲ್ಲಿದ್ದವು. ಉಳುತ್ತಿದ್ದವರು ಹೆಚ್ಚಾಗಿ ದೀವರ ಸಮುದಾಯದ ಒಕ್ಕಲುಗಳು. ಸುಗ್ಗಿ ಮುಗಿದು ಕಣದಲ್ಲಿ ರಾಶಿಯಾದ ಮೇಲೆ ಒಡೆಯರ ಕಡೆಯವರು ಗೇಣಿ ಭತ್ತ ಅಳೆದುಕೊಳ್ಳಲು ಬರುತ್ತಿದ್ದರು. ಕೊಳಗವೂ ಒಡೆಯರದೇ, ಅಳೆಯುವ ಕೈಯೂ ಒಡೆಯರ ಕಡೆಯದೇ. ಕೊಳಗ ಮೂರು ಸೇರಿನದಿರಬೇಕು ಎಂಬುದು ಒಕ್ಕಲುಗಳ ವಾದ, ಒಡೆಯರು ತರುತ್ತಿದ್ದುದು ಅದಕ್ಕಿಂತ ದೊಡ್ಡದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗ ಬರೀ ಅರ್ಧ ಸೇರು ದೊಡ್ಡದೆಂದು ಇಟ್ಟುಕೊಂಡರೂ ಖಂಡುಗಕ್ಕೆ ಹತ್ತು ಸೇರು, ಅಂದರೆ ಮೂರು ಕೊಳಗಕ್ಕೂ ಮಿಕ್ಕ ಭತ್ತ ಹೆಚ್ಚಿಗೆ ಹೋಗುತ್ತದೆ. ಮಳೆಗಾಲದಲ್ಲಿ ಅಷ್ಟು ಭತ್ತಕ್ಕೆ ಒಂದು ಮನೆಯಲ್ಲಿ ಎಷ್ಟು ಬೆಲೆಯೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಗೇಣಿಯ ಜೊತೆಗೆ ಬಿಟ್ಟಿ ಚಾಕರಿಯಿತ್ತು. ಮೊಣಕಾಲಿನಿಂದ ಕೆಳಗೆ ಪಂಚೆ ಇಳಿಬಿಡಬಾರದೆಂಬ ಕಟ್ಟಳೆಯೂ ಇತ್ತು.

ಅಳತೆಯ ಈ ತಕರಾರಿಗೆ ಯುರೋಪಿನಲ್ಲಿ ದೊಡ್ಡದೊಂದು ಪೂರ್ವಕಥೆಯಿದೆ. 1789ರ ವಸಂತದಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ಮಹಾಸಭೆ ಕರೆದಾಗ ಊರೂರಿನವರು ತಮ್ಮ ದೂರುಗಳನ್ನು ಬರೆದು ಕಳಿಸಿದರು. ಅಂಥ ದೂರುಪಟ್ಟಿಗಳು ಹತ್ತಾರು ಸಾವಿರ. ಜಮೀನ್ದಾರ ತನ್ನದೇ ಅಳತೆಯಲ್ಲಿ ಧಾನ್ಯ ಅಳೆದುಕೊಳ್ಳುತ್ತಾನೆ, ಆ ಅಳತೆ ವರ್ಷವರ್ಷ ಬೆಳೆಯುತ್ತದೆ ಎಂಬ ದೂರು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಲ್ಲರಿಗೂ ಒಂದೇ ಅಳತೆ ಬೇಕೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಕಾಂಡೋರ್ಸೆಯಂಥ ಚಿಂತಕರು ವಾದಿಸುತ್ತಿದ್ದರು. ರೈತರ ದೂರು, ಜ್ಞಾನೋದಯದ ಚಿಂತನೆ ಎರಡೂ ಕೂಡಿ 1795ರ ಏಪ್ರಿಲ್‌ನಲ್ಲಿ ಮೆಟ್ರಿಕ್ ಪದ್ಧತಿ ಕಾನೂನಾಯಿತು.

ಕಾಗೋಡಿನ ಒಕ್ಕಲುಗಳು ಫ್ರಾನ್ಸಿನ ಚರಿತ್ರೆ ಓದಿ ಎದ್ದವರಲ್ಲ. ಪ್ರತಿಭಟನೆಯ ನೆನಪು ಈ ನೆಲದಲ್ಲೇ ಇತ್ತು. 1830ರಲ್ಲೇ ನಗರ ಸೀಮೆಯ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ ಮತ್ತು ಅದರ ಸುತ್ತಲಿನ, ರೈತರು ಕಂದಾಯದ ಸುಲಿಗೆಯ ವಿರುದ್ಧ ಕೂಟ ಕಟ್ಟಿ ದಂಗೆಯೆದ್ದಿದ್ದರು. ಕೆಳದಿ ವಂಶದ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ಅದರ ಮುಂದಾಳುಗಳಲ್ಲೊಬ್ಬ. ದಂಗೆ ಅಡಗಿತು, ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತ ಕಸಿದುಕೊಂಡ.

ಕಾಗೋಡಿನಲ್ಲಿ ಸಂಘಟನೆಗೆ ಬುನಾದಿ ಹಾಕಿದವರು ಎಚ್. ಗಣಪತಿಯಪ್ಪ ಮತ್ತು ಅವರ ಸಾಗರ ತಾಲ್ಲೂಕು ರೈತ ಸಂಘ. ಅಳತೆ ಸರಿಯಾಗಲಿ ಎಂದು ಕೇಳಿದ ಒಕ್ಕಲುಗಳನ್ನು ಗದ್ದೆಯಿಂದ ಎಬ್ಬಿಸಿದಾಗ ಬೇಡಿಕೆಯೂ ‘ಉಳುವವನೇ ಹೊಲದೊಡೆಯ’ ಎಂಬಲ್ಲಿಗೆ ಬೆಳೆಯಿತು. ಒಕ್ಕಲುಗಳು ತಂಡತಂಡವಾಗಿ ನೇಗಿಲು ಹೊತ್ತು ಅದೇ ಗದ್ದೆಗಿಳಿದರು, ಪೊಲೀಸರು ಹಿಡಿದು ಜೈಲಿಗೆ ಕಳಿಸಿದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ಬಂತು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿ, 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡಿದ್ದ ಶಾಂತವೇರಿ ಗೋಪಾಲಗೌಡರು ನೇತೃತ್ವ ವಹಿಸಿದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದರು. ಅವರನ್ನು ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸಲಾಯಿತು. ಕಾಗೋಡಿನ ಹೆಸರು ದೇಶಕ್ಕೆ ಗೊತ್ತಾದದ್ದು ಆಗ.

ಯುರೋಪಿನ ವಿಚಾರ ಇಲ್ಲಿಗೆ ಬಂದಿದ್ದರೆ ಅದು ಈ ದಾರಿಯಿಂದಲೇ ಬಂತು. ಲೋಹಿಯಾ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಮಾಡಿದ್ದು ಭಾರತದ ಉಪ್ಪಿನ ತೆರಿಗೆಯ ಮೇಲೆ. ಅಲ್ಲಿನ ಸಮಾಜವಾದವನ್ನು ಕಲಿತು ಗಾಂಧಿಯ ಸತ್ಯಾಗ್ರಹಕ್ಕೆ ಅದನ್ನು ಜೋಡಿಸಿದರು. ಫ್ರಾನ್ಸಿನ ರೈತರು 1789ರ ಬೇಸಿಗೆಯಲ್ಲಿ ಜಮೀನ್ದಾರರ ಮಹಲುಗಳಿಗೆ, ಕಾಗದಪತ್ರಗಳಿಗೆ ಬೆಂಕಿಯಿಟ್ಟಿದ್ದರು. ಕಾಗೋಡಿನವರು ಕೈಗೆತ್ತಿಕೊಂಡದ್ದು ನೇಗಿಲು.

ಕೂಡಲೇ ಸಿಕ್ಕ ಫಲ ಕಡಿಮೆ. ಆದರೆ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಮುಂದೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಕಾಂಗ್ರೆಸ್ಸಿನೊಳಗೆ ಗೇಣಿದಾರರ ಪರವಾದ ಶಾಸನಗಳಿಗೆ ದುಡಿದ ಕಡಿದಾಳ್ ಮಂಜಪ್ಪನವರೂ ತೀರ್ಥಹಳ್ಳಿ ತಾಲ್ಲೂಕಿನವರೇ. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ; ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯರು ಭೂಮಿ ವಾಪಸು ಪಡೆಯಲು ಅದರಲ್ಲಿ ದಾರಿಯಿತ್ತು. ಇಲ್ಲೂ ಫ್ರಾನ್ಸಿನ ನೆನಪಾಗುತ್ತದೆ: 1789ರ ಆಗಸ್ಟ್ 4ರ ರಾತ್ರಿ ಊಳಿಗಮಾನ್ಯವನ್ನು ರದ್ದುಮಾಡಿದೆವೆಂದು ಸಾರಿದವರು ಅನೇಕ ಬಾಕಿಗಳನ್ನು ರೈತರು ಹಣ ಕೊಟ್ಟೇ ಬಿಡಿಸಿಕೊಳ್ಳಬೇಕೆಂದರು. ಅವು ಪರಿಹಾರವಿಲ್ಲದೆ ಪೂರ್ತಿ ರದ್ದಾದದ್ದು 1793ರ ಜುಲೈನಲ್ಲಿ. ಮೊದಲ ಕಾನೂನು ಅರೆಮನಸ್ಸಿನದಾಗಿರುವುದು ಎರಡೂ ಕಡೆ ಒಂದೇ.

ಗೋಪಾಲಗೌಡರು 1972ರ ಜೂನ್‌ನಲ್ಲಿ ತೀರಿಕೊಂಡರು. ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿಯಾಗಿ 1974ರ ಮಾರ್ಚ್ 1ರಂದು ಗೇಣಿ ಭೂಮಿಯೆಲ್ಲ ಸರ್ಕಾರದ ವಶಕ್ಕೆ ಬಂದು, ನಮೂನೆ 7ರಲ್ಲಿ ಡಿಕ್ಲರೇಷನ್ ಹಾಕಿದ ಒಕ್ಕಲುಗಳಿಗೆ ಭೂನ್ಯಾಯ ಮಂಡಳಿಗಳ ಮೂಲಕ ಹಕ್ಕು ಸಿಕ್ಕತೊಡಗಿತು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಹಿಂದೆ ಗೋಪಾಲಗೌಡರ ಬದುಕಿದೆ.

ಈ ಗೆಲುವಿಗೂ ಮಿತಿಯಿದೆ. ಗೇಣಿಯೇ ಇಲ್ಲದೆ ಕೂಲಿಗೆ ದುಡಿಯುತ್ತಿದ್ದವರಿಗೆ, ಮುಖ್ಯವಾಗಿ ದಲಿತರಿಗೆ, ಸಿಕ್ಕಿದ್ದು ಅಲ್ಪ. ಫ್ರಾನ್ಸಿನ ಮಾನವ ಹಕ್ಕುಗಳ ಘೋಷಣೆಯೂ ಹೆಂಗಸರನ್ನು ಹೊರಗಿಟ್ಟಿತ್ತು. ಅದನ್ನು ಪ್ರಶ್ನಿಸಿ 1791ರಲ್ಲಿ ಬರೆದ ಒಲಿಂಪ್ ದ ಗೂಜ್ ಎರಡು ವರ್ಷಗಳಲ್ಲಿ ಗಿಲೊಟಿನ್‌ಗೆ ಬಲಿಯಾದಳು. ಇನ್ನು ಭೂಸುಧಾರಣೆಗೂ ಮೊದಲೇ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿಂದ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ್ದವು. ಅಲ್ಲಿಂದ ಎದ್ದು ಬಂದ ಅನೇಕ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಅರಣ್ಯ ಕಾನೂನಿನಲ್ಲಿ ಸಿಕ್ಕಿಕೊಂಡು ದಶಕಗಳಿಂದ ಹಾಗೇ ಉಳಿದಿದೆ.