ಮಿನಿಮಲಿಸಂ

1960ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ರೂಪುಗೊಂಡ ಕಲಾಪಂಥ. ಘನ, ಆಯತ, ಸರಳರೇಖೆಗಳಂಥ ಜ್ಯಾಮಿತೀಯ ಆಕಾರಗಳನ್ನು ಇಟ್ಟಿಗೆ, ಉಕ್ಕು, ಅಲ್ಯೂಮಿನಿಯಂ, ಪ್ಲೈವುಡ್‌ಗಳಲ್ಲಿ ಕಟ್ಟುವುದು ಇದರ ರೀತಿ. ಕಲಾವಿದನ ಭಾವಾವೇಶವೇ ಕ್ಯಾನ್ವಾಸನ್ನು ತುಂಬುತ್ತಿದ್ದ ಅಮೂರ್ತ ಅಭಿವ್ಯಕ್ತಿವಾದದಿಂದ ಬೇಸತ್ತ ಪೀಳಿಗೆಗೆ ಕೃತಿಯ ಮೇಲೆ ಕೈಯ ಗುರುತೇ ಬೇಡವಾಯಿತು. ಫ್ರಾಂಕ್ ಸ್ಟೆಲ್ಲಾ 1959ರಲ್ಲಿ ಪ್ರದರ್ಶಿಸಿದ ಕಪ್ಪು ಪಟ್ಟೆಗಳ ಚಿತ್ರಗಳು ದಾರಿ ತೆರೆದವು. 1962ರಲ್ಲಿ ಟೋನಿ ಸ್ಮಿತ್ ಆರಡಿಯ ಉಕ್ಕಿನ ಘನವೊಂದನ್ನು ಫೋನಿನಲ್ಲೇ ಅಳತೆ ಹೇಳಿ ಮಾಡಿಸಿದರು. ಮರುವರ್ಷ ಡ್ಯಾನ್ ಫ್ಲೇವಿನ್ ಎಂಟಡಿಯ ಹಳದಿ ಟ್ಯೂಬ್‌ಲೈಟನ್ನು ಗೋಡೆಗೆ ಓರೆಯಾಗಿ ಸಿಕ್ಕಿಸಿದರು. ಬೆಳಕು ಬಿದ್ದ ಗೋಡೆಯೂ ನೆಲವೂ ಕೃತಿಯ ಭಾಗವಾದವು.

ಪಂಥದ ಪ್ರಖರ ಚಿಂತಕ ಡೊನಾಲ್ಡ್ ಜಡ್. ಹೊಸ ಕೃತಿಗಳು ಚಿತ್ರವೂ ಅಲ್ಲ, ಶಿಲ್ಪವೂ ಅಲ್ಲವೆಂದು 1965ರ ಪ್ರಬಂಧದಲ್ಲಿ ವಾದಿಸಿದ ಅವರು, ತಮ್ಮ ಪೆಟ್ಟಿಗೆಗಳನ್ನು ತಗಡು ಕೆಲಸದ ಕಾರ್ಖಾನೆಯಲ್ಲಿ ಮಾಡಿಸುತ್ತಿದ್ದರು. 1966ರಲ್ಲಿ ನ್ಯೂಯಾರ್ಕ್‌ನ ಜ್ಯೂಯಿಷ್ ಮ್ಯೂಸಿಯಂನ ಪ್ರದರ್ಶನ ಪಂಥವನ್ನು ಸಾರ್ವಜನಿಕರ ಮುಂದಿಟ್ಟಿತು. ಮರುವರ್ಷ ವಿಮರ್ಶಕ ಮೈಕೆಲ್ ಫ್ರೀಡ್ ಇದನ್ನು ರಂಗನಾಟಕದ ಕಡೆಗೆ ವಾಲಿದ ಕಲೆಯೆಂದು ಖಂಡಿಸಿದರು. ಆ ಖಂಡನೆಯೇ ಪಂಥದ ತಿರುಳನ್ನು ಚೆನ್ನಾಗಿ ಹಿಡಿದಿದೆ: ಸುತ್ತ ನಡೆದು ನೋಡುವ ಮನುಷ್ಯನಿಲ್ಲದೆ ಈ ಕೃತಿಗಳು ಪೂರ್ತಿಯಾಗುವುದಿಲ್ಲ.

ಅತಿ ದೊಡ್ಡ ಗದ್ದಲ ಎದ್ದದ್ದು ಕಾರ್ಲ್ ಆಂಡ್ರೆಯ ಇಟ್ಟಿಗೆಗಳ ಸುತ್ತ. ರೈಲ್ವೆಯಲ್ಲಿ ಬ್ರೇಕ್‌ಮನ್ ಆಗಿ ದುಡಿದಿದ್ದ ಆಂಡ್ರೆ 1966ರಲ್ಲಿ ಎಂಟು ಕೃತಿಗಳನ್ನು ನೆಲದ ಮೇಲೆ ಹರಡಿದರು. ಪ್ರತಿಯೊಂದರಲ್ಲೂ 120 ಇಟ್ಟಿಗೆ, ಎರಡು ಪದರ. ಜೋಡಣೆ ಮಾತ್ರ ಬೇರೆ ಬೇರೆ. ಗಾರೆ ಇಲ್ಲ, ಪೀಠವೂ ಇಲ್ಲ. ಅವು ಮಾರಾಟವಾಗದೆ ಇಟ್ಟಿಗೆಗಳು ತಯಾರಕರಿಗೇ ವಾಪಸಾದವು. ಆಂಡ್ರೆ ಮುಂದೆ ಬೆಂಕಿಗೆ ತಡೆಯುವ ಇಟ್ಟಿಗೆಯಲ್ಲಿ ಅವನ್ನು ಮತ್ತೆ ರಚಿಸಿದರು. ಎಂಟನೆಯದನ್ನು ಲಂಡನ್ನಿನ ಟೇಟ್ ಗ್ಯಾಲರಿ 1972ರಲ್ಲಿ ಕೊಂಡಿತು. 1976ರಲ್ಲಿ ಬ್ರಿಟಿಷ್ ಪತ್ರಿಕೆಗಳು ಸಾರ್ವಜನಿಕ ಹಣ ಪೋಲಾಯಿತೆಂದು ಹುಯಿಲೆಬ್ಬಿಸಿದವು. ಒಬ್ಬಾತ ಕೃತಿಯ ಮೇಲೆ ನೀಲಿ ಬಣ್ಣ ಎರಚಿದ. ಎಂಟೂ ಕೃತಿಗಳನ್ನು ಒಟ್ಟಿಗೆ ಕಂಡವರಿಗಷ್ಟೇ ತಿಳಿಯುವ ಸಂಗತಿ, ಅಂದರೆ ಗಾತ್ರ ಸಮವಾಗಿದ್ದರೂ ನೆಲವನ್ನು ಆವರಿಸುವ ಬಗೆ ಪೂರಾ ಬದಲಾಗುತ್ತದೆ ಎಂಬುದು, ಆ ಗಲಾಟೆಯಲ್ಲಿ ಕಳೆದುಹೋಯಿತು.

ಕೃತಿಗೂ ಅದಿರುವ ಜಾಗಕ್ಕೂ ಇರುವ ನಂಟನ್ನು ತಾತ್ಕಾಲಿಕ ಪ್ರದರ್ಶನಗಳು ಮುರಿಯುತ್ತವೆಂದು ಜಡ್ ದೃಢವಾಗಿ ನಂಬಿದ್ದರು. ಟೆಕ್ಸಾಸ್‌ನ ಮಾರ್ಫಾ ಎಂಬ ಸಣ್ಣ ಊರಿನ ಹಳೆಯ ಸೇನಾ ಶೆಡ್ಡುಗಳಲ್ಲಿ 1982ರಿಂದ 1986ರವರೆಗೆ 100 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಶಾಶ್ವತವಾಗಿ ನೆಲೆಗೊಳಿಸಿದರು: ಹೊರಗಿನ ಅಳತೆ ಎಲ್ಲಕ್ಕೂ ಒಂದೇ, ಒಳಗಿನ ವಿನ್ಯಾಸ ಒಂದೊಂದರದೂ ಬೇರೆ. 1986ರಲ್ಲೇ ಅಲ್ಲಿ ಚಿನಾಟಿ ಫೌಂಡೇಶನ್ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿಯ ಆರು ಬ್ಯಾರಕ್‌ಗಳಿಗೆಂದೇ ಫ್ಲೇವಿನ್ ರೂಪಿಸಿದ ಬಣ್ಣದ ಬೆಳಕಿನ ಕೃತಿ 2000ದಲ್ಲಿ, ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ಪೂರ್ಣಗೊಂಡಿತು.